ಅಭಿಮಾನ: ಗುಣವೋ, ದೋಷವೋ?

(ಪುಣೆಯಲ್ಲಿ ಸಂಘದ ತಿಂಗಳ ಕೂಟದಲ್ಲಿ ಮಾಡಿದ ಭಾಷಣ)



ಬ್ಯಾಂಕಿನ ಗುಮಾಸ್ತರನ್ನು ಭಾಷಣಕ್ಕೆ ನಿಲ್ಲಿಸುವುದು ಸಾಹಸದ ಕೆಲಸ. ನಮಗೆ ಗೊತ್ತಿರುವುದು ಎರಡೇ ಬದಿ: ಜಮಾ ಮತ್ತು ಖರ್ಚು. ಆದರೂ ನಮ್ಮ ಕಾರ್ಯದರ್ಶಿಗಳು “ರಾಜ್ಯೋತ್ಸವ ಹತ್ತಿರ ಬರುತ್ತಿದೆ, ಕನ್ನಡಾಭಿಮಾನದ ಮೇಲೆ ನಾಲ್ಕು ಮಾತು ಆಡಿ” ಎಂದರು. ಒಪ್ಪಿಕೊಂಡು ಮನೆಗೆ ಹೋದ ಮೇಲೆ, ಈ ಅಭಿಮಾನವನ್ನು ಯಾವ ಬದಿಗೆ ಬರೆಯಬೇಕೆಂಬುದೇ ತಿಳಿಯದಾಯಿತು. ಅದಕ್ಕೆ ಕಾರಣವಾದ ಸಂಗತಿಯೊಂದು ಕಳೆದ ವರ್ಷ ಇದೇ ಸಂಘದಲ್ಲಿ ನಡೆಯಿತು. ನಿಮ್ಮಲ್ಲಿ ಕೆಲವರಿಗೆ ಅದು ನೆನಪಿದ್ದೀತು. ಅದಕ್ಕೆ ಆಮೇಲೆ ಬರುತ್ತೇವೆ.

ಇನ್ನೊಂದು ಅರಿಕೆ. ಈ ಭಾಷಣದುದ್ದಕ್ಕೂ ನಾವು ನಮ್ಮನ್ನು ‘ನಾವು’ ಎಂದೇ ಹೇಳಿಕೊಳ್ಳುತ್ತೇವೆ. ಹಿಂದೆ ಪತ್ರಿಕೆಗಳ ಸಂಪಾದಕರು ಹೀಗೆ ಬರೆಯುತ್ತಿದ್ದರು, ಅರಸರು ಹೀಗೆ ಮಾತನಾಡುತ್ತಿದ್ದರು. ನಾವು ಎರಡೂ ಅಲ್ಲ. ಇಂದಿನ ವಿಷಯಕ್ಕೆ ‘ನಾನು’ ಎಂಬುದು ಒಗ್ಗುವುದಿಲ್ಲವೆಂಬ ಸಂಕೋಚದಿಂದ ‘ನಾವು’ ಎಂಬುದನ್ನು ಹಿಡಿದೆವು. ಹಿಡಿದ ಮೇಲೆ, ಸಂಕೋಚಕ್ಕೆಂದು ಹಿಡಿದ ಈ ಮಾತಿನಲ್ಲಿಯೇ ತೊಡಕು ಇದೆಯೆಂದು ಗೊತ್ತಾಯಿತು.

ನಮ್ಮ ಪೂರ್ವಿಕರಿಗೆ ಈ ವಿಷಯದಲ್ಲಿ ಸಂದೇಹವಿದ್ದಂತೆ ಕಾಣುವುದಿಲ್ಲ. ಕಾಮ, ಕ್ರೋಧ, ಲೋಭ, ಮೋಹ, ಮದ, ಮತ್ಸರಗಳೆಂಬ ಆರು ವೈರಿಗಳಲ್ಲಿ ಮದಕ್ಕೆ ಐದನೆಯ ಸ್ಥಾನ. ಜೈನರು ಆತ್ಮಕ್ಕೆ ಅಂಟುವ ನಾಲ್ಕು ಕಷಾಯಗಳನ್ನು ಎಣಿಸಿ, ಕ್ರೋಧದ ಮಗ್ಗುಲಿಗೇ ಮಾನವನ್ನು ಇಟ್ಟರು. ನಮಗೆ ‘ಮಾನ’ವೆಂದರೆ ಮರ್ಯಾದೆ, ಅವರಿಗೆ ಅದು ತೊಳೆದುಕೊಳ್ಳಬೇಕಾದ ಕೊಳೆ. ಇನ್ನು ಇಂದಿನ ನಮ್ಮ ಕಥಾನಾಯಕನಾದ ‘ಅಭಿಮಾನ’ವನ್ನೇ ನೋಡಿ. ಅಹಂಕಾರವೆಂದರೇನು ಎಂಬ ಪ್ರಶ್ನೆಗೆ ಈಶ್ವರಕೃಷ್ಣನ ಸಾಂಖ್ಯಕಾರಿಕೆ ಕೊಡುವ ಉತ್ತರವೇ ಅಭಿಮಾನ. ನಾರದರ ಹೆಸರಿನ ಭಕ್ತಿಸೂತ್ರಗಳು ಅದನ್ನು ದಂಭದ ಜೊತೆಯಲ್ಲಿ ಸೇರಿಸಿ, ಬಿಟ್ಟುಬಿಡತಕ್ಕ ವಸ್ತುಗಳ ಪಟ್ಟಿಯಲ್ಲಿ ಹಾಕಿವೆ. ನವೆಂಬರ್ ತಿಂಗಳಲ್ಲಿ ನಾವು ವೇದಿಕೆಯ ಮೇಲಿಂದ ‘ಅಭಿಮಾನ ಬೆಳೆಸಿಕೊಳ್ಳಿ’ ಎಂದು ಕೂಗುವುದನ್ನು ಕೇಳಿದ್ದರೆ ಆ ಸೂತ್ರಕಾರರು ಕಿವಿ ಮುಚ್ಚಿಕೊಳ್ಳುತ್ತಿದ್ದರೋ ಏನೋ.

ಶ್ರವಣಬೆಳಗೊಳದ ಗುಳ್ಳಕಾಯಜ್ಜಿಯ ಕಥೆ ನಿಮಗೆಲ್ಲ ತಿಳಿದದ್ದೇ. ಗಂಗರ ಮಂತ್ರಿ ಚಾವುಂಡರಾಯ ಸುಮಾರು 981ರಲ್ಲಿ 58 ಅಡಿಗಳಷ್ಟು ಎತ್ತರದ ಗೊಮ್ಮಟನನ್ನು ನಿಲ್ಲಿಸಿದ. ಇಂಥ ಕೆಲಸ ಮಾಡಿದವನ ಎದೆ ಸ್ವಲ್ಪ ಉಬ್ಬಿದರೆ ತಪ್ಪೇನು ಎಂದು ನಮಗನ್ನಿಸುತ್ತದೆ. ಕಥೆ ಹಾಗೆನ್ನುವುದಿಲ್ಲ. ಕೊಡಗಟ್ಟಲೆ ಹಾಲು ಸುರಿಸಿದರೂ ಅದು ಮೂರ್ತಿಯ ತೊಡೆಯಿಂದ ಕೆಳಕ್ಕೆ ಇಳಿಯಲಿಲ್ಲವಂತೆ. ಆಮೇಲೆ ಬಡ ಮುದುಕಿಯೊಬ್ಬಳು ಒಂದು ಗುಳ್ಳಕಾಯಿಯ ಓಡಿನಲ್ಲಿ ತಂದ ಹಾಲು ನೆತ್ತಿಯಿಂದ ಪಾದದವರೆಗೆ ಹರಿದು ಬೆಟ್ಟವನ್ನೂ ತೋಯಿಸಿತಂತೆ. ಆ ಅಜ್ಜಿಯ ವಿಗ್ರಹ ಇಂದಿಗೂ ಗೊಮ್ಮಟನಿಗೆ ಎದುರಾಗಿ ನಿಂತಿದೆ. ಮಾಡಿಸಿದವನ ಗರ್ವಭಂಗದ ಕಥೆಯನ್ನು ಮೂರ್ತಿಯ ಎದುರಿನಲ್ಲಿಯೇ ಕಲ್ಲಿನಲ್ಲಿ ನಿಲ್ಲಿಸಿದ ಜನ ನಮ್ಮವರು. 2018ರ ಮಹಾಮಸ್ತಕಾಭಿಷೇಕಕ್ಕೆ ಹೋದವರು ನಮ್ಮಲ್ಲಿಯೂ ಕೆಲವರಿದ್ದಾರೆ. ಅಜ್ಜಿಯ ಎದುರಿಗೆ ಎಷ್ಟು ಹೊತ್ತು ನಿಂತಿದ್ದರೆಂದು ಅವರನ್ನು ಕೇಳಬಾರದು.

ಕನಕದಾಸರ ಕಥೆಯೂ ಹೀಗೆಯೇ. ಮೋಕ್ಷಕ್ಕೆ ಹೋಗುವವರು ಯಾರೆಂದು ವ್ಯಾಸರಾಯರು ಕೇಳಿದರು. ‘ನಾನು ಹೋದರೆ ಹೋದೇನು’ ಎಂದು ಕನಕರು ಹೇಳಿದಾಗ ಸಭೆಯವರಿಗೆ ಸಿಟ್ಟು ಬಂತು. ‘ನಾನು’ ಎಂಬುದು ಹೋದರೆ ತಾನೆ ಹೋಗುವುದು ಎಂಬ ಅರ್ಥ ಆಮೇಲೆ ಹೊಳೆಯಿತು.

ಆದರೆ ಕವಿಗಳು ಮಾತ್ರ ಶಾಸ್ತ್ರಕಾರರ ಹಿಂದೆ ತಲೆ ತಗ್ಗಿಸಿ ಹೋದವರಲ್ಲ. ಹತ್ತನೆಯ ಶತಮಾನದ ಕೊನೆಯಲ್ಲಿದ್ದ ರನ್ನನ ಗದಾಯುದ್ಧಕ್ಕೆ ನಾಯಕ ಭೀಮ. ಆದರೆ ಓದಿದವರ ಮನಸ್ಸು ಸೆಳೆದುಕೊಳ್ಳುವವನು ಎಲ್ಲವನ್ನೂ ಕಳೆದುಕೊಂಡೂ ಬಾಗದ ದುರ್ಯೋಧನ. ಪಾಪಿಯ ಅಭಿಮಾನಕ್ಕೆ ಕೈಮುಗಿಸುವ ಈ ಗುಣ ನಮ್ಮ ಕಾವ್ಯಕ್ಕೆ ಮೊದಲಿನಿಂದ ಇದೆ. ಪಶ್ಚಿಮದವರ ಲೆಕ್ಕವೂ ಹೀಗೆಯೇ ಮೇಲೆಕೆಳಗಾಗಿದೆ. ಗ್ರೀಸಿನ ಅರಿಸ್ಟಾಟಲನು ತನ್ನ ಯೋಗ್ಯತೆಯನ್ನು ತಾನು ಬಲ್ಲ ಮಹಾಮನಸ್ಕತೆಯನ್ನು ಸದ್ಗುಣಗಳ ಕಿರೀಟವೆಂದನು. ಆರನೆಯ ಶತಮಾನದ ಪೋಪ್ ಗ್ರೆಗರಿ ಗರ್ವವನ್ನು ಎಲ್ಲ ಪಾಪಗಳ ಬೇರೆಂದನು. ಹದಿನೆಂಟನೆಯ ಶತಮಾನದಲ್ಲಿ ಸ್ಕಾಟ್ಲೆಂಡಿನ ಹ್ಯೂಮನು, ತಕ್ಕಷ್ಟು ಹೆಮ್ಮೆಯಿಲ್ಲದೆ ಮನುಷ್ಯ ಕೆಲಸಕ್ಕೆ ಬಾರನೆಂದು ಅದನ್ನು ಮತ್ತೆ ಮೇಲಕ್ಕೆತ್ತಿದನು. ಅವರ ಜಗಳ ಅವರಿಗಿರಲಿ.

ನಮಗೆ ಕುತೂಹಲವೆನಿಸಿದ್ದು ಬೇರೊಂದು. ನಮ್ಮಲ್ಲಿ ಅಷ್ಟಮದಗಳೆಂಬ ಒಂದು ಎಣಿಕೆಯುಂಟು: ಕುಲ, ಛಲ, ಧನ, ರೂಪ, ಯೌವನ, ವಿದ್ಯೆ, ರಾಜ್ಯ, ತಪಸ್ಸು. ಎಷ್ಟು ಸೂಕ್ಷ್ಮ ನೋಡಿ! ತಪಸ್ಸು ಮಾಡಿದವನಿಗೂ ಮದ ಬರುತ್ತದೆಂದು ಅವರಿಗೆ ಗೊತ್ತಿತ್ತು. ಜೈನರ ಪಟ್ಟಿಯಲ್ಲಿಯೂ ಎಂಟೇ. ಹೆಸರುಗಳು ಸ್ವಲ್ಪ ಬೇರೆ. ಈ ಎರಡು ಪಟ್ಟಿಗಳನ್ನೂ ಲೆಡ್ಜರು ತಾಳೆ ನೋಡುವಂತೆ ಬೆರಳಿಟ್ಟು ನೋಡಿದೆವು. ಭಾಷಾಮದವೆಂಬುದು ಎರಡರಲ್ಲಿಯೂ ಇಲ್ಲ. ಆಡುವ ಮಾತು ಗಾಳಿಯಂತೆ, ನೀರಿನಂತೆ. ಅದಕ್ಕೂ ಒಬ್ಬನು ಮೀಸೆ ತಿರುವಿಯಾನೆಂದು ಅವರಿಗೆ ತೋರಲಿಲ್ಲವೋ ಏನೋ.

ಅದು ತೋರುವ ಕಾಲ ಬಂದುದು ಅವಮಾನದ ಮೂಲಕ. ಹತ್ತೊಂಬತ್ತನೆಯ ಶತಮಾನದ ನಡುವೆ ಮುಂಬಯಿ ಆಧಿಪತ್ಯಕ್ಕೆ ಸೇರಿದ್ದ ಧಾರವಾಡ ಸೀಮೆಯ ಶಾಲೆಗಳಲ್ಲಿ ಮರಾಠಿಯದೇ ಮೇಲುಗೈ. ಮನೆಯಲ್ಲಿ ಕನ್ನಡವಾಡುವ ಹುಡುಗ ಶಾಲೆಯಲ್ಲಿ ಮರಾಠಿಯಲ್ಲಿ ಲೆಕ್ಕ ಮಾಡಬೇಕಾಗಿತ್ತು. ಕನ್ನಡವನ್ನು ಓದುಬರಹಕ್ಕೆ ತಕ್ಕದ್ದಲ್ಲವೆಂದು ಬಗೆದವರು ಕನ್ನಡಿಗರಲ್ಲಿಯೇ ಇದ್ದರು. ಡೆಪ್ಯುಟಿ ಚನ್ನಬಸಪ್ಪನವರು ಕನ್ನಡ ಶಾಲೆಗಳಿಗಾಗಿ ದುಡಿದದ್ದು ಈ ಸ್ಥಿತಿಯಲ್ಲಿ. 1890ರಲ್ಲಿ ಧಾರವಾಡದಲ್ಲಿ ಕರ್ನಾಟಕ ವಿದ್ಯಾವರ್ಧಕ ಸಂಘ ಹುಟ್ಟಿದ್ದು ಇದರ ಬೆನ್ನಿಗೆ. ನಮ್ಮ ಇದೇ ಪುಣೆಯ ಫರ್ಗುಸನ್ ಕಾಲೇಜಿನಲ್ಲಿ ಓದಿದ ಆಲೂರು ವೆಂಕಟರಾಯರು 1917ರಲ್ಲಿ ‘ಕರ್ನಾಟಕ ಗತವೈಭವ’ವನ್ನು ಬರೆದಾಗ, ತಾವು ಯಾರೆಂಬುದನ್ನೇ ಮರೆತಿದ್ದ ಜನಕ್ಕೆ ಅದನ್ನು ನೆನಪಿಸುವುದು ಅವರ ಉದ್ದೇಶವಾಗಿತ್ತು. ಬಿದ್ದವನನ್ನು ಎಬ್ಬಿಸುವಾಗ ‘ನಿನಗೆ ಅಹಂಕಾರ ಬರಬಾರದು’ ಎಂದು ಯಾರೂ ಉಪದೇಶ ಮಾಡುವುದಿಲ್ಲ. ಆಗ ಬೇಕಾದದ್ದು ಅಭಿಮಾನವೇ. ಅದಿಲ್ಲದಿದ್ದರೆ 1956ರ ನವೆಂಬರ್ 1 ಬರುತ್ತಿರಲಿಲ್ಲ, 1973ರಲ್ಲಿ ಕರ್ನಾಟಕವೆಂಬ ಹೆಸರು ಬರುತ್ತಿರಲಿಲ್ಲ, ಪರಊರಿನಲ್ಲಿ ಹೀಗೆ ಕುರ್ಚಿ ಹಾಕಿಕೊಂಡು ಕುಳಿತುಕೊಳ್ಳಲು ನಮಗೊಂದು ಸಂಘವೂ ಇರುತ್ತಿರಲಿಲ್ಲ.

ಹೀಗೆ ದೋಷವಾಗಿದ್ದ ಮಾತು ಗುಣವಾಯಿತು. ದ್ವೈತಿಗಳ ಪರಿಭಾಷೆಯಲ್ಲಿ ‘ಅಭಿಮಾನಿ ದೇವತೆ’ಗಳೆಂಬ ಮಾತಿದೆ. ಒಂದೊಂದು ತತ್ತ್ವವನ್ನು ತನ್ನದೆಂದು ನೋಡಿಕೊಳ್ಳುವ ದೇವತೆ ಎಂದರ್ಥ. ಅಂದರೆ ಬಿಡತಕ್ಕದ್ದೆಂದು ಹೇಳಿದ ಅಭಿಮಾನದೊಳಗೆಯೇ ‘ಕಾಪಾಡುವುದು’ ಎಂಬ ಎಳೆಯೊಂದು ಮೊದಲಿನಿಂದ ಇತ್ತು. ಡಾ. ರಾಜಕುಮಾರರು ತಮ್ಮ ಚಿತ್ರಗಳನ್ನು ನೋಡುವ ಜನರನ್ನು ‘ಅಭಿಮಾನಿ ದೇವರುಗಳು’ ಎಂದು ಕರೆದಾಗ ಆ ಎಳೆ ಎಲ್ಲಿಂದ ಎಲ್ಲಿಗೆ ಬಂತು! ಅಷ್ಟು ದೊಡ್ಡ ನಟರು ತಾವು ತಗ್ಗಿ, ಅಭಿಮಾನಪಡುವವರನ್ನು ದೇವರೆಂದದ್ದು ನಮಗೆ ಈ ಮಾತಿನ ಚರಿತ್ರೆಯಲ್ಲೆಲ್ಲ ಹಿಡಿಸಿದ ಘಟ್ಟ.

‘ಹೆಮ್ಮೆ’ಯೂ ಹೀಗೆಯೇ. ಹಳಗನ್ನಡದ ‘ಪೆರ್ಮೆ’ ಎಂದರೆ ಹಿರಿತನ. ಅದು ಸವೆದು ಹೆಮ್ಮೆಯಾಯಿತು. ‘ಅವನಿಗೆ ಬಹಳ ಹೆಮ್ಮೆ’ ಎಂದು ನಮ್ಮ ಅಜ್ಜಿ ಹೇಳಿದರೆ ಅದು ಬೈಗುಳ. ‘ನಿಮ್ಮ ಬಗ್ಗೆ ಹೆಮ್ಮೆ’ ಎಂದು ಇಂದು ಶಾಲೆಯ ಮಾಸ್ತರರು ಹೇಳಿದರೆ ಅದು ಬಹುಮಾನ. ನಮ್ಮ ಜನ ಸುಮ್ಮನಿರದೆ, ಬೈಯಲು ಬೇಕಾದಾಗ ಬೇರೆ ಮಾತುಗಳನ್ನು ಇಟ್ಟುಕೊಂಡಿದ್ದಾರೆ: ಜಂಬ, ಬಿಂಕ, ಸೊಕ್ಕು, ಕೊಬ್ಬು. ಇವುಗಳಿಗೆ ಇನ್ನೂ ಯಾರೂ ಸನ್ಮಾನ ಮಾಡಿಲ್ಲ.

ಬಿ.ಕಾಂ. ಓದಿದವರಿಗೆ ಗುಡ್‌ವಿಲ್ ಎಂಬ ಪಾಠವಿರುತ್ತದೆ. ಅಂಗಡಿಗೆ ಬಂದ ಒಳ್ಳೆಯ ಹೆಸರು ಆಸ್ತಿಯೇ ಹೌದು. ಆದರೆ ತಾನೇ ಬೆಳೆಸಿಕೊಂಡ ಗುಡ್‌ವಿಲ್ಲನ್ನು ಅಂಗಡಿಯವನು ತನ್ನ ಲೆಕ್ಕಪುಸ್ತಕದಲ್ಲಿ ಆಸ್ತಿಯೆಂದು ಬರೆದುಕೊಳ್ಳುವಂತಿಲ್ಲ. ಇನ್ನೊಬ್ಬನು ಆ ವ್ಯಾಪಾರವನ್ನು ಕೊಳ್ಳುವಾಗ ಅದಕ್ಕೆಂದು ಹಣ ಕೊಟ್ಟರೆ, ಆಗ ಕೊಂಡವನ ಪುಸ್ತಕದಲ್ಲಿ ಅದಕ್ಕೆ ಬೆಲೆ ಬರುತ್ತದೆ. ಪರೀಕ್ಷೆಗೆಂದು ಬಾಯಿಪಾಠ ಮಾಡಿದ ಈ ನಿಯಮ ಹೀಗೆ ಉಪಯೋಗಕ್ಕೆ ಬಂದೀತೆಂದು ಎಣಿಸಿರಲಿಲ್ಲ. ಹಾಗೆಂದು ಜನರ ಹೆಮ್ಮೆಯೆಲ್ಲ ಪೊಳ್ಳೆಂದು ನಮ್ಮ ಅಭಿಪ್ರಾಯವಲ್ಲ. 2017ರಲ್ಲಿ ಸ್ಟೇಟ್ ಬ್ಯಾಂಕ್ ಆಫ್ ಮೈಸೂರು, 2019ರಲ್ಲಿ ವಿಜಯಾ ಬ್ಯಾಂಕು, 2020ರಲ್ಲಿ ಸಿಂಡಿಕೇಟ್ ಮತ್ತು ಕಾರ್ಪೊರೇಷನ್ ಬ್ಯಾಂಕುಗಳು ವಿಲೀನವಾಗಿ ಆ ಹೆಸರುಗಳು ಹೋದಾಗ, ಅವುಗಳಲ್ಲಿ ಖಾತೆಯೇ ಇಲ್ಲದ ನಮ್ಮ ಹಿರಿಯರೂ ಮುಖ ಸಣ್ಣದು ಮಾಡಿಕೊಂಡಿದ್ದನ್ನು ಕಂಡಿದ್ದೇವೆ. ‘ನಮ್ಮ ಕಡೆಯ ಬ್ಯಾಂಕು’ ಎಂಬ ಅವರ ಮಾತಿನಲ್ಲಿ ಮದದ ವಾಸನೆಯಿರಲಿಲ್ಲ.

ಹಾಗಾದರೆ ಮದ ಎಲ್ಲಿಗೆ ಹೋಯಿತು? ನಮಗೆ ತೋರುವುದಿಷ್ಟು. ಅಭಿಮಾನ ‘ನಾನು’ ಎಂಬುವನ ಮನೆಯಲ್ಲಿದ್ದಾಗ ಅದನ್ನು ದೋಷವೆಂದರು. ಅದು ‘ನಾವು’ ಎಂಬುವರ ಮನೆಗೆ ಬಂದಾಗ ಗುಣವೆಂದೆವು. ಒಬ್ಬನು ‘ನನ್ನಂಥವನಿಲ್ಲ’ ಎಂದರೆ ಮಗ್ಗುಲಲ್ಲಿದ್ದವನು ನಗುತ್ತಾನೆ. ನೂರು ಜನ ‘ನಮ್ಮಂಥವರಿಲ್ಲ’ ಎಂದರೆ ನಗಬೇಕಾದವನೂ ಆ ನೂರರಲ್ಲಿ ಸೇರಿಕೊಂಡಿರುತ್ತಾನೆ. ಚಾವುಂಡರಾಯನೊಬ್ಬನಿಗೆ ಒಬ್ಬ ಅಜ್ಜಿ ಸಾಕಾದಳು. ಇಡೀ ಸಭೆಗೆ?

ಈಗ ಕಳೆದ ವರ್ಷದ ಸಂಗತಿ. ಆ ಮನೆಯವರ ಒಪ್ಪಿಗೆ ಪಡೆದೇ ಹೇಳುತ್ತಿದ್ದೇವೆ. ಹೆಸರು ಮಾತ್ರ ಬೇಡ.

ಮಕ್ಕಳ ಭಾಷಣ ಸ್ಪರ್ಧೆಗೆ ಇದ್ದ ಮೂವರು ತೀರ್ಪುಗಾರರಲ್ಲಿ ನಾವೂ ಒಬ್ಬರು. ‘ಶುದ್ಧ ಕನ್ನಡದಲ್ಲಿ ಮಾತನಾಡತಕ್ಕದ್ದು’ ಎಂಬುದು ನಿಯಮ. ಅದನ್ನು ಸೂಚಿಸಿದವರೂ ನಾವೇ. ಹತ್ತು ವರ್ಷದ ಹುಡುಗಿಯೊಬ್ಬಳು ಬಂದು ತನ್ನ ಅಜ್ಜಿಯ ವಿಷಯ ಮಾತನಾಡತೊಡಗಿದಳು. ಅವರದು ಅಕ್ಕಲಕೋಟೆಯ ಕಡೆ. “ನಮ್ಮ ಆಯಿ ಮುಂಜಾನೆ ಲಗೂನ ಏಳತಾಳ. ಚಾ ಮಾಡತಾಳ. ನನಗ ಏನರ ಅಡಚಣಿ ಬಂದ್ರ ಮೊದಲ ಆಕಿಗೇ ಹೇಳತೀನಿ.” ನಾವು ಮೈಕನ್ನು ಹತ್ತಿರಕ್ಕೆಳೆದುಕೊಂಡು, “ಅಡಚಣಿ ಅನ್ನೋದು ಮರಾಠಿಯಮ್ಮ, ಕನ್ನಡದಲ್ಲಿ ಹೇಳು, ತೊಂದರೆ ಅನ್ನು” ಎಂದೆವು. ಸಭೆ ನಕ್ಕಿತು. ಆ ನಗು ನಮಗೆ ಬಹುಮಾನದಂತೆ ತೋರಿತು. ಹುಡುಗಿ ಸ್ವಲ್ಪ ಹೊತ್ತು ನಿಂತಳು. ಮುಂದಿನ ವಾಕ್ಯ ಬರಲಿಲ್ಲ. ಇಳಿದುಹೋದಳು. ನಾವು ಅಂಕದ ಹಾಳೆಯಲ್ಲಿ ‘ಭಾಷೆ ಶುದ್ಧವಿಲ್ಲ’ ಎಂದು ಬರೆದು ಮುಂದಿನ ಹೆಸರು ಕರೆದೆವು.

ಕಾರ್ಯಕ್ರಮ ಮುಗಿದ ಮೇಲೆ ಅವಳ ತಂದೆ ನಮ್ಮ ಬಳಿಗೆ ಬಂದರು. ಜಗಳಕ್ಕೆ ಬಂದಿರಲಿಲ್ಲ. “ನಮ್ಮ ಕಡೆ ಹಿಂಗ ಮಾತಾಡತೀವ್ರೀ ಸರ್. ಇದೂ ಕನ್ನಡಾನ ಅಂತ ತಿಳಕೊಂಡಿದ್ವಿ” ಎಂದಷ್ಟೇ ಹೇಳಿ ಮಗಳ ಕೈ ಹಿಡಿದುಕೊಂಡು ಹೋದರು. ಯುಗಾದಿ ಕೂಟಕ್ಕೆ ಅವರು ಬರಲಿಲ್ಲ. ಮಳೆಗಾಲದ ಒಂದು ದಿನ ಅವರೇ ನಾವು ಕೆಲಸ ಮಾಡುವ ಶಾಖೆಗೆ ಬಂದು, ನಮ್ಮ ಕೌಂಟರಿನ ಎದುರಿಗೇ ನಿಂತು, ಪಾಸ್‌ಬುಕ್ಕಿನ ವಿಷಯವನ್ನು ಹಿಂದಿಯಲ್ಲಿ ಕೇಳಿದರು. ನಾವು ಯಾರೆಂಬುದು ಅವರಿಗೆ ಗೊತ್ತಿತ್ತು. ಅವರು ಯಾರೆಂಬುದು ನಮಗೆ ಗೊತ್ತಿತ್ತು. ನಾವೂ ಹಿಂದಿಯಲ್ಲಿಯೇ ಉತ್ತರ ಕೊಟ್ಟೆವು. ಹದಿಮೂರು ವರ್ಷಗಳಿಂದ ಪುಣೆಯಲ್ಲಿದ್ದೇವೆ. ಸಾಲಿನಲ್ಲಿ ಒಬ್ಬ ಕನ್ನಡಿಗ ಕಂಡರೆ ಸಾಕು, ಹಿಂದಿದ್ದವರು ಗೊಣಗುವಷ್ಟು ಹೊತ್ತು ಮಾತನಾಡುವ ಚಾಳಿ ನಮ್ಮದು. ಅಂದು ನಮ್ಮ ನಡುವಣ ಗಾಜಿನ ಕಿಂಡಿಯಲ್ಲಿ ಕನ್ನಡ ಆಚೆಗೂ ಹೋಗಲಿಲ್ಲ, ಈಚೆಗೂ ಬರಲಿಲ್ಲ.

ಅಂದು ಸಂಜೆ ಮನೆಯಲ್ಲಿ ಈ ಮಾತು ತೆಗೆದೆವು. ನಮ್ಮ ಮನೆಯವರು ಸಮಾಧಾನ ಹೇಳುತ್ತಾರೆಂದು ನಮ್ಮ ಎಣಿಕೆ. ಅವರು “ದಿನಾ ಶಿಲ್ಕು ತಾಳೆ ಆಗಲಿಲ್ಲ ಅಂತ ತಡವಾಗಿ ಬರ್ತೀರಲ್ಲ, ಶಿಲ್ಕು ಯಾವ ಕನ್ನಡಾರೀ?” ಎಂದು ಕೇಳಿಬಿಟ್ಟರು. ಅದು ಮರಾಠಿಯ ಶಿಲ್ಲಕ್. ನಾವು ತುಮಕೂರಿನ ಕಡೆಯವರು. ನಮ್ಮ ತಾತನೂ ಶಿಲ್ಕು ಎಂದೇ ಅನ್ನುತ್ತಿದ್ದ. ಆಮೇಲೆ ಒಂದೊಂದಾಗಿ ನೋಡಿದರೆ ಜಮಾ, ಖರ್ಚು, ಬಾಕಿ, ರಸೀದಿ, ಸಹಿ, ಎಲ್ಲವೂ ಪಾರಸಿ ಅರಬ್ಬಿಗಳಿಂದ ಬಂದವು. ಗುಮಾಸ್ತ ಎಂಬ ನಮ್ಮ ಹೆಸರೂ ಪಾರಸಿಯದೇ. ಎರವಲು ಮಾತುಗಳ ಮೇಲೆಯೇ ಸಂಬಳ ತಿನ್ನುವ ನಾವು ಮಗುವಿನ ಒಂದು ‘ಅಡಚಣಿ’ಯನ್ನು ತಡೆದು ನಿಲ್ಲಿಸಿದ್ದೆವು.

ಇನ್ನೊಂದು ಏಟು ಕವಿರಾಜಮಾರ್ಗದಿಂದ ಬಿತ್ತು. ಸುಮಾರು 850ರಲ್ಲಿ ನೃಪತುಂಗನ ಆಸ್ಥಾನದಲ್ಲಿ ಹುಟ್ಟಿದ ಆ ಗ್ರಂಥವು ಕನ್ನಡ ನಾಡು ಕಾವೇರಿಯಿಂದ ಗೋದಾವರಿಯವರೆಗೆ ಹರಡಿತ್ತೆಂದು ಹೇಳುವುದನ್ನು ನಾವೆಲ್ಲ ಕೇಳಿದ್ದೇವೆ. ಪುಣೆ ಗೋದಾವರಿಗೆ ತೆಂಕಣಕ್ಕೇ ಇದೆಯೆಂದು ಮರಾಠಿ ಸಹೋದ್ಯೋಗಿಗಳ ಮುಂದೆ ಎದೆಯುಬ್ಬಿಸಿ ಹೇಳಿ, ಅವರಿಂದ ಚಹಾ ಕುಡಿಸಿಕೊಂಡದ್ದೂ ಉಂಟು. ಆದರೆ ಅಲ್ಲಿಂದ ಮುಂದಿನ ಮಾತುಗಳನ್ನು ನಾವು ನೋಡಿರಲಿಲ್ಲ. ಕನ್ನಡದ ತಿರುಳು ಯಾವುದೆಂದು ಆ ಕವಿ ಹೆಸರಿಸುವ ಊರುಗಳು ಕಿಸುವೊಳಲು, ಕೊಪಣ, ಪುಲಿಗೆರೆ, ಒಂಕುಂದ. ಎಂದರೆ ಇಂದಿನ ಪಟ್ಟದಕಲ್ಲು, ಕೊಪ್ಪಳ, ಲಕ್ಷ್ಮೇಶ್ವರ, ಬೆಳಗಾವಿ ಕಡೆಯ ಒಕ್ಕುಂದ. ತುಮಕೂರು ಅದರಲ್ಲಿ ಎಲ್ಲಿಯೂ ಇಲ್ಲ! ಲಗೂನ ಏಳುವ ಆಯಿಯ ಊರಿನಿಂದ ಆ ತಿರುಳಿಗೆ ಇರುವ ದೂರ ನಮ್ಮೂರಿನಿಂದ ಇರುವುದಕ್ಕಿಂತ ಕಡಿಮೆಯೇ. ಇನ್ನೂ ಕೆಲವು ಪದ್ಯಗಳನ್ನು ದಾಟಿದರೆ, ದೇಸಿ ಬೇರೆಬೇರೆಯಾಗಿರುವುದರಿಂದ ಕನ್ನಡದ ಬಗೆಗಳನ್ನೆಲ್ಲ ಅರಿಯಲು ಹೊರಟರೆ ವಾಸುಕಿಗೂ ಬೇಸರವಾದೀತೆಂದು ಆತ ಹೇಳುತ್ತಾನೆ. ವಾಸುಕಿ ಬೇಸತ್ತ ಕೆಲಸವನ್ನು ನಾವು ಮೈಕು ಹಿಡಿದು ಒಂದು ನಿಮಿಷದಲ್ಲಿ ಮುಗಿಸಿದ್ದೆವು. ಕನ್ನಡಿಗರೆಲ್ಲ ಅಭಿಮಾನಪಡುವ ಬೇಂದ್ರೆಯವರ ಮನೆಮಾತು ಮರಾಠಿಯೆಂಬುದೂ ಆಗಲೇ ನೆನಪಿಗೆ ಬರಬೇಕೆ?

ಹೋದ ತಿಂಗಳು ಒಂದು ಭಾನುವಾರ ಆ ಮನೆಗೆ ಹೋದೆವು. ಇಷ್ಟು ತಿಂಗಳು ಹೋಗದಿದ್ದುದಕ್ಕೆ ಕೊಡಲು ಕಾರಣಗಳಿಲ್ಲ. ಕಾಲು ಏಳಲಿಲ್ಲ, ಅಷ್ಟೆ. ಬಾಗಿಲು ತೆರೆದವಳು ಆ ಹುಡುಗಿಯೇ. ನಮ್ಮನ್ನು ನೋಡಿ, “ಕೋಣ್ ಪಾಹಿಜೆ?” ಎಂದು ಮರಾಠಿಯಲ್ಲಿ ಕೇಳಿದಳು. ನಾವು ದಾರಿಯುದ್ದಕ್ಕೂ ಅಭ್ಯಾಸ ಮಾಡಿಕೊಂಡು ಬಂದಿದ್ದ ಅವರ ಕಡೆಯ ಕನ್ನಡದಲ್ಲಿ, “ಆಯಿ ಅದಾಳೇನವಾ ಮನಿಯಾಗ?” ಎಂದೆವು. ಅವಳು ನಮ್ಮ ಮುಖವನ್ನೇ ನೋಡಿ ಕಿಲಕಿಲನೆ ನಕ್ಕುಬಿಟ್ಟಳು. “ಅದಾಳ ಅಂತ ನಾ ಅನ್ನಬೇಕ್ರೀ. ನೀವು ಅದಾರೇನು ಅನ್ನಬೇಕು” ಎಂದಳು. ಒಳಗಿನಿಂದ ಅಜ್ಜಿ, “ಯಾರವಾ? ನಿಂತ ಯಾಕ ಮಾತಾಡತೀರಿ, ಒಳಗ ಬರ್ರೀ” ಎಂದರು.

ಕುಳಿತ ಮೇಲೆ ‘ಹೋದ ವರ್ಷ ನಾವು’ ಎಂದು ಮಾತು ಆರಂಭಿಸಿದೆವು. ಹುಡುಗಿ, ಇನ್ನು ಯಾರು ಬಂದಿದ್ದಾರೆಂದು ಬಾಗಿಲ ಕಡೆ ತಿರುಗಿ ನೋಡಿದಳು. ಯಾರೂ ಇರಲಿಲ್ಲ. ಆಗ, “ನಾನು ತಪ್ಪು ಮಾಡಿದೆನಮ್ಮ” ಎಂದೆವು. ಅವಳು ಏನೂ ಹೇಳದೆ ಒಳಗೆ ಹೋದಳು. ಅಜ್ಜಿ ಚಹಾ ತಂದುಕೊಟ್ಟು ತಮ್ಮೂರಿನ ಮಳೆಬೆಳೆಯ ಮಾತು ತೆಗೆದರು. ಅವಳ ತಂದೆ ಬರುವ ಹೊತ್ತಿಗೆ ಕತ್ತಲಾಗಿತ್ತು. ಕನ್ನಡದಲ್ಲಿಯೇ ಮಾತನಾಡಿದರು, ಹೆಚ್ಚೇನೂ ಮಾತನಾಡಲಿಲ್ಲ.

ಸ್ಪರ್ಧೆಯ ನಿಯಮದಿಂದ ‘ಶುದ್ಧ’ ಎಂಬ ಮಾತನ್ನು ತೆಗೆಯಬೇಕೆಂದು ಕಾರ್ಯಕಾರಿ ಸಮಿತಿಗೆ ಬರೆದುಕೊಟ್ಟಿದ್ದೇವೆ. ಸಮಿತಿಯಲ್ಲಿ ಎರಡು ಅಭಿಪ್ರಾಯಗಳಿವೆಯೆಂದು ಕೇಳಿದ್ದೇವೆ. ಹುಡುಗಿ ಈ ವರ್ಷ ಹೆಸರು ಕೊಡುವುದಿಲ್ಲವೆಂದಳು. ನಾವು ಒತ್ತಾಯ ಮಾಡಲಿಲ್ಲ. ಅಜ್ಜಿ ಮಾತ್ರ ನವೆಂಬರ್ ಕಾರ್ಯಕ್ರಮಕ್ಕೆ ಬರುತ್ತೇನೆಂದಿದ್ದಾರೆ. ಮೆಟ್ಟಿಲು ಹತ್ತುವುದು ಅವರಿಗೆ ಕಷ್ಟ. ಮುಂದಿನ ಸಾಲಿನ ಬಾಗಿಲ ಬದಿಯಲ್ಲಿ ಒಂದು ಕುರ್ಚಿಯನ್ನು ಅವರಿಗಾಗಿ ಇಟ್ಟಿರಬೇಕೆಂದು ಕಾರ್ಯದರ್ಶಿಗಳಲ್ಲಿ ಈ ಸಭೆಯ ಮುಂದೆಯೇ ಕೇಳಿಕೊಳ್ಳುತ್ತೇವೆ.